ಡ್ರೈವರ್ ಕಡೆಯ ಬಾಗಿಲು

ಹೋದ ವಾರ ನಮ್ಮ ಕಾರಿನ ಹಿಂದಿನ ಬಂಪರ್ ಸೊಸೈಟಿಯ ಗೇಟಿನ ಕಂಬಕ್ಕೆ ತಾಗಿ ಸೀಳಿತು. ಪುಣೆಯ ಕೋಥರೂಡದಲ್ಲಿ ಮನೆಗೆ ಹತ್ತಿರವಿದ್ದ ಒಂದು ಬಾಡಿ ಶಾಪಿಗೆ ಒಯ್ದೆ. ಹೊರಗೆ ಸಣ್ಣಗೆ ಮಳೆ ಹಿಡಿದಿತ್ತು. ಗಿರಾಕಿಗಳಿಗೆಂದು ಹಾಕಿದ್ದ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಒಳಗೆ ಯಾರೋ ಪುಟ್ಟಿಯ ಡಬ್ಬಿ ತೆರೆದರು. ತಗಡಿನ ತಗ್ಗು ತುಂಬಲು ಬಳಿಯುವ ಆ ಲೇಪಕ್ಕೆ ಅದರದೇ ಒಂದು ವಾಸನೆ ಇದೆ. ಮೊದಲು ಯಾವುದೋ ಹಣ್ಣು ಮಾಗಿ ಕೊಳೆಯಲು ಶುರುವಾದಂಥ ಸಿಹಿ, ಅದರ ಬೆನ್ನಿಗೇ ಮೂಗಿನ ಬುಡಕ್ಕೆ ಚುಚ್ಚುವ ಖಾರ. ನಾನು ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೊರಗೆ ಬಂದೆ. ಕೌಂಟರಿನಲ್ಲಿದ್ದಾತ ಏನಾಯಿತೋ ಎಂದು ಗಾಬರಿಯಾಗಿ, "ಕಾಯ್ ಝಾಲಂ ಮ್ಯಾಡಮ್?" ಎನ್ನುತ್ತ ಹಿಂದೆಯೇ ಬಂದ. ಏನಿಲ್ಲ, ಸ್ವಲ್ಪ ಗಾಳಿ ಬೇಕಿತ್ತು ಎಂದೆ.

ಅವನು ಮಾಡುವ ಕೆಲಸವನ್ನೇ ಒಂದು ಕಾಲಕ್ಕೆ ನಾನೂ ಮಾಡಿದವಳು ಎಂದು ಅವನಿಗೆ ಹೇಳಲಿಲ್ಲ. ಹಡಪಸರದಲ್ಲಿ, ಸೋಲಾಪುರದ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಸಿಗುತ್ತಿದ್ದ ಒಂದು ದೊಡ್ಡ ತಗಡಿನ ಶೆಡ್ಡಿನಲ್ಲಿ ನಾನು ಪಾರ್ಟ್ಸ್ ಅಡ್ವೈಸರ್ ಆಗಿದ್ದೆ. ಅಪಘಾತವಾದ ಗಾಡಿ ಬಂದರೆ ಅದರ ಸುತ್ತ ನಡೆದು ನೋಡುವುದು, ಯಾವ ಭಾಗವನ್ನು ತಟ್ಟಿ ಸರಿಮಾಡಬಹುದು, ಯಾವುದಕ್ಕೆ ಹೊಸದೇ ಬೇಕು ಎಂದು ಹೇಳುವುದು, ಆ ಹೊಸದನ್ನು ತರಿಸುವುದು, ಅದು ಬರುವುದು ತಡವಾದರೆ ಗಿರಾಕಿಯ ಬೈಗುಳ ಕೇಳುವುದು. ನಮ್ಮದು ಧಾರವಾಡದ ಮನೆತನ. ಅಪ್ಪ ಬ್ಯಾಂಕಿನ ವರ್ಗಾವಣೆಯ ಮೇಲೆ ಪುಣೆಗೆ ಬಂದವರು ಇಲ್ಲಿಯೇ ಉಳಿದರು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಮಗಳು ಕಾರಿನ ಶೋರೂಮಿನಲ್ಲಿ ಕೂರುತ್ತಾಳೆ ಎಂದು ಅವರು ನೆಂಟರಿಗೆಲ್ಲ ಹೇಳಿಕೊಂಡಿದ್ದರು. ನಾನು ಕೂತದ್ದು ಶೋರೂಮಿನಿಂದ ಹೊಳೆಯುತ್ತ ಹೊರಟ ಗಾಡಿಗಳು ಮುಂದೊಂದು ದಿನ ಮುಖ ಮುರಿದುಕೊಂಡು ಬಂದು ಬೀಳುವ ಜಾಗದಲ್ಲಿ.

ಬಾಡಿ ಶಾಪಿಗೆ ಮಳೆಗಾಲವೇ ಸುಗ್ಗಿ. ಜೂನಿನಲ್ಲಿ ಮೊದಲ ಮಳೆ ರಸ್ತೆಯ ಎಣ್ಣೆಯನ್ನೆಲ್ಲ ಮೇಲೆಬ್ಬಿಸಿದ ಕೂಡಲೇ ಗಾಡಿಗಳು ಸಾಲುಗಟ್ಟುತ್ತವೆ. ಬೈಕಿನವರು ಜಾರುತ್ತಾರೆ, ಅವರನ್ನು ತಪ್ಪಿಸಲು ಹೋಗಿ ಕಾರಿನವರು ಡಿವೈಡರಿಗೆ ಹೊಡೆಯುತ್ತಾರೆ. ನಾನು ಹೇಳಹೊರಟ ವರ್ಷವೂ ಹಾಗೆಯೇ ಆಗಿತ್ತು. ಶೆಡ್ಡಿನ ಮೇಲೆ ಮಳೆ ಬಿದ್ದರೆ ಎದುರಿಗಿದ್ದವರ ಮಾತು ಕೇಳಿಸುತ್ತಿರಲಿಲ್ಲ. ಬಣ್ಣ ಒಣಗುತ್ತಿರಲಿಲ್ಲ. ನೀರು ಹಾಕಿ ಪುಟ್ಟಿ ಉಜ್ಜುವವರ ಬೆರಳುಗಳು ಸಂಜೆಯ ಹೊತ್ತಿಗೆ ಬೆಳ್ಳಗೆ ಸುಕ್ಕುಗಟ್ಟಿ ಬೇರೆ ಯಾರದೋ ಬೆರಳುಗಳಂತೆ ಕಾಣುತ್ತಿದ್ದವು. ಮ್ಯಾನೇಜರ್ ಕದಮ್ ಸಾಹೇಬರು ಎರಡು ಫೋನ್ ಕಿವಿಗೆ ಹಚ್ಚಿಕೊಂಡು ಎರಡರಲ್ಲೂ ನಾಳೆ, ನಾಳೆ ಎನ್ನುತ್ತಿದ್ದರು.

ಆ ಶೆಡ್ಡಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವನು ಈರಣ್ಣ ಒಬ್ಬನೇ. ಜಜ್ಜಿದ ತಗಡನ್ನು ತಟ್ಟಿ ಎಳೆಯುವ ಡೆಂಟಿಂಗ್ ಕೆಲಸದವರಲ್ಲಿ ಹಿರಿಯ. ಸುರಪುರದ ಕಡೆಯವನು. ತಂದೆ ತಾಯಿ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದಾಗ ಅವರ ಹಿಂದೆ ಬಂದವನು. ತಮ್ಮ ಮಹಾದೇವ ಹುಟ್ಟಿದ್ದು ಇಲ್ಲಿಯೇ, ಯಾವುದೋ ಅಪಾರ್ಟ್‌ಮೆಂಟಿನ ಅಡಿಪಾಯದ ಪಕ್ಕ ಹಾಕಿದ್ದ ಗುಡಿಸಲಿನಲ್ಲಿ. ತಂದೆ ತಾಯಿ ಹೋದ ಮೇಲೆ ತಮ್ಮನನ್ನು ಓದಿಸಿ, ಡ್ರೈವಿಂಗ್ ಕಲಿಸಿ, ಊರ ಕಡೆಯ ಹುಡುಗಿ ರೇಣುಕಾಳನ್ನು ತಂದು ಲಗ್ನ ಮಾಡಿದವನು ಈರಣ್ಣನೇ. ತಾನು ಮಾತ್ರ ಹಾಗೆಯೇ ಉಳಿದಿದ್ದ. ಯಾಕೆ ಎಂದು ಕೇಳಿದರೆ, "ಟೈಮ್ ಸಿಗಲಿಲ್ರಿ ಮೇಡಂ" ಎಂದು ನಗುತ್ತಿದ್ದ. ಹಡಪಸರದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆಯಲ್ಲಿ ಅಣ್ಣ, ತಮ್ಮ, ರೇಣುಕಾ, ಅವರ ಪುಟ್ಟ ಮಗಳು ಎಲ್ಲರೂ ಒಟ್ಟಿಗೆ ಇದ್ದರು.

ಮಹಾದೇವನದು ಬಿಳಿ ಬಣ್ಣದ ಕಾರು. ಹಿಂಜವಾಡಿಯ ಒಂದು ಕಂಪನಿಯ ನೌಕರರನ್ನು ಬೆಳಿಗ್ಗೆ ಬಿಟ್ಟು, ಸಂಜೆ ಕರೆತರುವ ಕ್ಯಾಬ್. ನಡುವೆ ಬಿಡುವಿದ್ದಾಗ ನಮ್ಮ ಶೆಡ್ಡಿಗೆ ಬಂದು ಅಣ್ಣನ ಪಕ್ಕ ಕುಕ್ಕರುಗಾಲಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅವನ ಮರಾಠಿ ಕೇಳಿದರೆ ಪುಣೆಯ ಮೂಲದವರೇ ಮೋಸಹೋಗಬೇಕು. ಅಣ್ಣನ ಜೊತೆ ಮಾತ್ರ ಸುರಪುರದ ಕನ್ನಡ. ನನ್ನನ್ನು ಕಂಡರೆ, "ನೀವು ಮಾತಾಡಿದ್ರ ರೇಡಿಯೋ ಹಚ್ಚಿದಂಗ ಆಗ್ತದ್ರಿ ಮೇಡಂ, ಇನ್ನೊಂದೀಟು ಮಾತಾಡ್ರಿ" ಎನ್ನುತ್ತಿದ್ದ. ನಾನು ಸಿಟ್ಟು ಬಂದವಳಂತೆ ಮಾಡಿದರೆ ಅವನಿಗೆ ಇನ್ನೂ ಖುಷಿ.

ಆ ಮಳೆಗಾಲದ ಹಿಂದಿನ ಚಳಿಗಾಲದಲ್ಲಿ ಒಂದು ಟ್ರ್ಯಾಕ್ಟರಿನ ಟ್ರಾಲಿ ಆ ಕಾರಿನ ಬಲಮಗ್ಗುಲಿಗೆ ಗುದ್ದಿತ್ತು. ಡ್ರೈವರ್ ಕಡೆಯ ಬಾಗಿಲು, ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವೆ ನಿಲ್ಲುವ ಕಂಬ, ಎರಡೂ ಒಳಗೆ ಹೋಗಿದ್ದವು. ಹೊಸ ಕಂಬದ ತಗಡು ಕಾರ್ಖಾನೆಯಿಂದಲೇ ಬರಬೇಕು, ವಾರಗಟ್ಟಲೆ ಆಗುತ್ತದೆ ಎಂದು ನಾನು ಹೇಳಿದೆ. ಅಷ್ಟು ದಿನ ಗಾಡಿ ನಿಂತರೆ ಕಂಪನಿಯವರು ಬೇರೆ ಕ್ಯಾಬ್ ಇಟ್ಟುಕೊಳ್ಳುತ್ತಿದ್ದರು. "ತಗಡ ಗಟ್ಟಿ ಅದ, ನಾ ಎಳೀತೀನಿ" ಎಂದ ಈರಣ್ಣ. ಮಷಿನ್ನಿಗೆ ಕಟ್ಟಿ, ಬೆಂಕಿ ತೋರಿಸಿ, ಕೂದಲೆಳೆಯಷ್ಟೂ ಓರೆ ಇಲ್ಲದಂತೆ ಎಳೆದು ಕೂರಿಸಿದ. ಅವನು ಮಾಡಿದ ಕೆಲಸಗಳಲ್ಲೇ ಅದು ಚೆಂದದ್ದು. ನೋಡಿದವರಿಗೆ ಅಲ್ಲಿ ಪೆಟ್ಟು ಬಿದ್ದಿತ್ತು ಎಂದೇ ತಿಳಿಯುತ್ತಿರಲಿಲ್ಲ. ಮಹಾದೇವ ಆ ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ ಎಲ್ಲರಿಗೂ ಅದರ ಸದ್ದು ಕೇಳಿಸಿದ. "ಶೋರೂಮಿನಾಗೂ ಹಿಂಗ ಮುಚ್ಚಂಗಿಲ್ಲ ನೋಡ್ರಿ!"

ಮಳೆ ಶುರುವಾಗಿ ಸ್ವಲ್ಪ ದಿನಗಳಾಗಿದ್ದವು. ಬೆಳಿಗ್ಗೆಯಿಂದಲೇ ಜೋರು ಹೊಡೆಯುತ್ತಿತ್ತು. ಹೆಡ್‌ಲ್ಯಾಂಪ್ ಇನ್ನೂ ಬಂದಿಲ್ಲವೆಂದು ಒಬ್ಬ ಗಿರಾಕಿ ನನ್ನ ಮೇಲೆ ಕೂಗಾಡುತ್ತಿದ್ದ. ಅವನ ಹಿಂದೆ ಈರಣ್ಣ ಬಂದು ನಿಂತ. ಮೊದಲು ನಾನು ಗಮನಿಸಲಿಲ್ಲ. ಗಿರಾಕಿಯ ಮಾತು ಮುಗಿಯುವವರೆಗೂ ಅವನು ಕಾದ. ಆಮೇಲೆ, "ಮೇಡಂ, ಮಹಾದೇವಂದು ಆಕ್ಸಿಡೆಂಟ್ ಆಗ್ಯಾದಂತ್ರಿ. ಹೋಗಿ ಬರ್ತೀನಿ" ಎಂದ. ಕೆಲಸದ ಏಪ್ರನ್ ಬಿಚ್ಚಿ, ನೀಟಾಗಿ ಮಡಚಿ ನನ್ನ ಕೌಂಟರಿನ ಮೇಲೆ ಇಟ್ಟು ಹೋದ. ಅವನು ಆಸ್ಪತ್ರೆ ಮುಟ್ಟುವುದರೊಳಗೆ ಮಹಾದೇವ ಹೋಗಿಬಿಟ್ಟಿದ್ದ.

ಕಂಪನಿಯವರನ್ನು ಇಳಿಸಿ ಖಾಲಿ ಗಾಡಿಯಲ್ಲಿ ಬೈಪಾಸಿನಲ್ಲಿ ಹಿಂದಿರುಗುತ್ತಿದ್ದನಂತೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಜಾರಿದ ಒಂದು ಲಾರಿ ಕಾರಿನ ಬಲಗಡೆಯ ಮೂತಿಗೆ ಬಂದು ಹೊಡೆದಿತ್ತು. ಪೊಲೀಸರ ಕೆಲಸ ಮುಗಿದ ಮೇಲೆ ವಿಮೆಯವರು ಕಾರನ್ನು ನಮ್ಮಲ್ಲಿಗೇ ಕಳಿಸಿದರು. ಆ ಕಾರಿನ ಕೆಲಸವೆಲ್ಲ ಮೊದಲಿನಿಂದ ನಮ್ಮಲ್ಲೇ ಆಗುತ್ತಿತ್ತು, ಹಾಗಾಗಿ ಬೇರೆ ಕಡೆ ಕಳಿಸಲು ಅವರಿಗೆ ಕಾರಣವಿರಲಿಲ್ಲ. ಕ್ರೇನು ಅದನ್ನು ಇಳಿಸಿದಾಗ ಶೆಡ್ಡಿನ ಎಲ್ಲ ಸುತ್ತಿಗೆಗಳೂ ನಿಂತವು. ಕದಮ್ ಸಾಹೇಬರು ಅದನ್ನು ಹಿಂದಿನ ಗೋಡೆಯ ಪಕ್ಕಕ್ಕೆ ತಳ್ಳಿಸಿ, ತಾವೇ ತಾಡಪತ್ರಿ ಹೊದಿಸಿ, ನಾಲ್ಕೂ ಮೂಲೆಗೆ ಇಟ್ಟಿಗೆ ಇಟ್ಟರು.

ತಮ್ಮನ ದಿನಕರ್ಮ ಮುಗಿಸಿ ಈರಣ್ಣ ಕೆಲಸಕ್ಕೆ ಬಂದ ಬೆಳಿಗ್ಗೆ ಯಾರೂ ಅವನಿಗೆ ಏನೂ ಹೇಳಿರಲಿಲ್ಲ. ಆದರೂ ಅವನು ನೆಟ್ಟಗೆ ಆ ಗೋಡೆಯ ಕಡೆಗೇ ನಡೆದ. ಒಂದು ಇಟ್ಟಿಗೆ ಎತ್ತಿ ತಾಡಪತ್ರಿ ಸರಿಸಿದ. ಗಾಜು ಇರಲಿಲ್ಲ. ಬಾನೆಟ್ ಮಡಚಿ ಎದ್ದಿತ್ತು. ಅವನು ಅದ್ಯಾವುದನ್ನೂ ನೋಡಲಿಲ್ಲ. ಡ್ರೈವರ್ ಕಡೆಯ ಬಾಗಿಲಿನ ಹಿಡಿಕೆಗೆ ಕೈಹಾಕಿ ಎಳೆದ. ಅದು ಬರಲಿಲ್ಲ. ಇನ್ನೊಮ್ಮೆ ಎಳೆದ. ಆಮೇಲೆ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡೇ ನಿಂತುಬಿಟ್ಟ. ನಾನು ಹತ್ತಿರ ಹೋಗಿ, ಚಹಾ ಬಂದದ, ಬರ್ರಿ ಈರಣ್ಣಾ ಎಂದೆ. ಹಿಂದೆಯೇ ಬಂದ.

ಚಹಾ ಕೈಯಲ್ಲಿ ತಣ್ಣಗಾಗುತ್ತಿದ್ದಾಗ ಹೇಳಿದ. "ಅಲ್ಲಿ ಸೇರಿದ್ದ ಮಂದಿ ಅಂದ್ರು ಮೇಡಂ. ಬಾಗಲ ತೆಗೀಲಿಲ್ಲಂತ. ಇಬ್ರು ಮೂವರು ಹಿಡದು ಜಗ್ಗ್ಯಾರ, ಬಂದಿಲ್ಲ. ಆಮ್ಯಾಲ ಸುತ್ತ ಹೋಗಿ ಆ ಕಡಿ ಬಾಗಲದಿಂದ ಹೊರಗ ತೆಗದಾರ. ಜಲ್ದಿ ತೆಗದಿದ್ರ ಉಳೀತಿದ್ದ ಅಂದ ಒಬ್ಬಾಂವ."

"ಮಂದಿ ಏನಾದರೂ ಅಂತಾರ ಈರಣ್ಣಾ."

"ನಾ ಎಳದ ಕಂಬ್ರಿ ಅದು. ನಾ ಕೂಡ್ಸಿದ ಬಾಗಲ."

ಮಳೆಯ ಸದ್ದಿನಲ್ಲಿ ಅವನು ಇದನ್ನು ಎಷ್ಟು ಮೆಲ್ಲಗೆ ಹೇಳಿದನೆಂದರೆ, ನಾನು ಕೇಳಿಸಿಕೊಂಡೆನೋ ಅವನ ತುಟಿ ನೋಡಿ ತಿಳಿದುಕೊಂಡೆನೋ ಇಂದಿಗೂ ಗೊತ್ತಿಲ್ಲ.

ಆ ಗಾಡಿಯ ಅಂದಾಜು ಬರೆಯಬೇಕಾದವಳು ನಾನು. ನಮ್ಮ ಕಸುಬಿನಲ್ಲಿ ಇದೊಂದು ಕಷ್ಟದ ಜಾಗ. ಜಜ್ಜಿದ ಭಾಗದ ಮುಂದೆ 'ಎಳೆದು ಸರಿಮಾಡಬಹುದು' ಎಂದು ಬರೆಯಬಹುದು, ಇಲ್ಲವೇ 'ಬದಲಿಸಬೇಕು' ಎಂದು ಬರೆಯಬಹುದು. ಬದಲಿಸುವುದೇ ಹೆಚ್ಚಾಗಿ, ರಿಪೇರಿಯ ಖರ್ಚು ಗಾಡಿಯ ಬೆಲೆಯ ಸಮೀಪಕ್ಕೆ ಹೋದರೆ, ವಿಮೆಯವರು ಆ ಗಾಡಿಯನ್ನು ಸತ್ತದ್ದೆಂದು ಲೆಕ್ಕ ಹಿಡಿದು, ಮನೆಯವರಿಗೆ ಅದರ ಬೆಲೆ ಕೊಟ್ಟು, ಗಾಡಿಯನ್ನು ಗುಜರಿಗೆ ಹಾಕುತ್ತಾರೆ. ವಿಮೆಯ ಸರ್ವೇಯರ್ ಬಂದು ನೋಡುತ್ತಾನೆ, ನಿಜ. ಆದರೆ ಮೊದಲು ಬರೆದವರ ಮಾತನ್ನು ಅವನು ಹೆಚ್ಚಾಗಿ ಬದಲಿಸುವುದಿಲ್ಲ.

ಈರಣ್ಣನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. "ಸರಿ ಆಗ್ತದಂತ ಬರೀರಿ ಮೇಡಂ. ನಾ ಮಾಡ್ತೀನಿ. ಕೂಲಿ ಬ್ಯಾಡ, ಸಂಡೇ ಬಂದು ಮಾಡ್ತೀನಿ. ಈ ಸಲ ನಡಕಿನ ಕಂಬ ಹೊಸದ ಹಾಕ್ತೀನಿ" ಎಂದ. ಸರಿಮಾಡಿ ಏನು ಮಾಡುತ್ತೀರಿ, ಓಡಿಸುವವರು ಯಾರು ಎಂದು ಕೇಳಿದೆ. ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ನನ್ನ ಮುಖ ನೋಡಿ, "ಮೊದಲ ಸರಿ ಆಗಲಿ" ಎಂದಷ್ಟೇ ಹೇಳಿದ.

ಅದಾಗಿ ಎರಡು ಮೂರು ದಿನಕ್ಕೆ ರೇಣುಕಾ ಬಂದಳು, ವಿಮೆಯ ಕಾಗದಗಳಿಗೆ ಸಹಿ ಹಾಕಲು. ಊರಿನಿಂದ ಬಂದಿದ್ದ ಅವಳ ತಾಯಿ ಜೊತೆಗಿದ್ದರು. ಈರಣ್ಣ ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದ. ಅವನಿಲ್ಲದ ಹೊತ್ತು ನೋಡಿಯೇ ಅವಳು ಬಂದಿದ್ದಳು ಎಂದು ಆಮೇಲೆ ನನಗೆ ಹೊಳೆಯಿತು. ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ಅವರಲ್ಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವನಿಗೆ ಹೇಳಬೇಕಾದ್ದನ್ನೆಲ್ಲ ಅವಳು ಗಂಡನ ಮೂಲಕವೋ ಮಗಳ ಮೂಲಕವೋ ಹೇಳುತ್ತಿದ್ದಳು.

ಸಹಿ ಹಾಕಿದ ಮೇಲೆ ಎದ್ದೇಳಲಿಲ್ಲ. "ಅಕ್ಕಾ, ಆ ಗಾಡಿ ನನಗ ಬ್ಯಾಡ" ಎಂದಳು.

ನಾನು ಕಾಗದಗಳನ್ನು ಪಕ್ಕಕ್ಕೆ ಸರಿಸಿದೆ.

"ಭಾವಾರು ದಿನಾ ಅದನ್ನ ಸರಿ ಮಾಡ್ತೀನಿ ಅಂತಾರ. ಉಣ್ಣಾಕ ಕೂತ್ರೂ ಅದ ಮಾತು. ನನಗ ಬ್ಯಾಡ ಅನ್ನಾಕ ಬಾಯಿ ಬರವಲ್ದು. ಅವರು ಸರಿ ಮಾಡಿ ತಂದು ಬಾಗಲ ಮುಂದ ನಿಲ್ಲಿಸ್ತಾರಕ್ಕಾ. ದಿನಾ ಮುಂಜಾನೆ ಎದ್ದು ನಾ ಅದನ್ನ ನೋಡಬೇಕು. ನನ್ನ ಮಗಳು ಓಡಿಹೋಗಿ ಅದರಾಗ ಕುಂದರ್ತಾಳ, ಅಪ್ಪನಂಗ ಹಾರನ್ ಹೊಡೀತಾಳ. ನಾ ಒಳಗ ರೊಟ್ಟಿ ಬಡಕೋತ ಅದನ್ನ ಕೇಳಬೇಕೇನು?"

ಅವಳು ಅಳಲಿಲ್ಲ. ಅವಳ ತಾಯಿ ಅತ್ತರು. ಹೋಗುವಾಗ, "ನಾ ಹೇಳೀನಂತ ಭಾವಾರಿಗೆ ಹೇಳಬ್ಯಾಡ್ರಿ, ಪಾಪ ಅವರಿಗೂ ಯಾರಿಲ್ಲ" ಎಂದಳು.

ಹೀಗೆ ಇಬ್ಬರೂ ನನ್ನ ಒಂದು ಮಾತಿಗೆ ಕಾಯತೊಡಗಿದರು. ನಾನು ಅಂದಾಜು ಬರೆಯುವುದನ್ನು ಮುಂದೂಡುತ್ತ ಹೋದೆ. ಬೇರೆ ಗಾಡಿಗಳು ತುಂಬಾ ಇವೆ ಎಂದು ಕದಮ್ ಸಾಹೇಬರಿಗೆ ನೆಪ ಹೇಳಿದೆ. ಅವರು ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. ಒಂದು ಮಧ್ಯಾಹ್ನ ತಮ್ಮ ಡಬ್ಬಿಯಿಂದ ನನಗೆ ಪೋಳಿ ಕೊಡುತ್ತ, "ವಿದ್ಯಾ, ಯಾರಿಗಾಗಿಯೂ ಬರೆಯಬೇಡ. ಅಲ್ಲಿ ಏನಿದೆಯೋ ಅದನ್ನು ಬರೆ" ಎಂದು ಮರಾಠಿಯಲ್ಲಿ ಹೇಳಿದರು.

ಅದೇ ಮಧ್ಯಾಹ್ನ ಟಾರ್ಚು ಹಿಡಿದು ಆ ಕಾರಿನ ಸುತ್ತ ಬಂದೆ. ಅಷ್ಟು ನಿಧಾನವಾಗಿ ನಾನು ಇನ್ನಾವ ಗಾಡಿಯನ್ನೂ ನೋಡಿದ್ದಿಲ್ಲ. ಬಾಗಿಲು ತಿರುಗುವ ಕಬ್ಜಾ ಕೂರುವ ಮುಂದಿನ ಕಂಬ ಬುಡದಿಂದ ಹಿಂದಕ್ಕೆ ಬಾಗಿತ್ತು. ಅದರ ಕೆಳಗಿನ ನೆಲದ ತಗಡು ಮಡಿಕೆ ಬಿದ್ದಿತ್ತು. ಬಾಗಿಲಿನ ಮುಂದಿನ ಅಂಚು ಆ ಮಡಿಕೆಯೊಳಗೆ ಹೊಕ್ಕು ಕಚ್ಚಿಕೊಂಡಿತ್ತು. ಆದರೆ ನಡುವಿನ ಕಂಬ, ಈರಣ್ಣ ಎಳೆದದ್ದು, ನೆಟ್ಟಗೆ ನಿಂತಿತ್ತು. ಅವನು ಬಳಿದ ಪುಟ್ಟಿಯಲ್ಲಿ ಒಂದು ಬಿರುಕೂ ಇರಲಿಲ್ಲ. ನಾನು ಬಾಗಿಲಿನ ಹಿಡಿಕೆ ಎಳೆದು ಕಿವಿಗೊಟ್ಟೆ. ಒಳಗೆ, ನಡುವಿನ ಕಂಬಕ್ಕೆ ಕಚ್ಚುವ ಕೊಕ್ಕೆ ಕಟ್ ಎಂದು ಬಿಟ್ಟಿತು.

ಓಡಿಹೋಗಿ ಈರಣ್ಣನನ್ನು ಕರೆದುಕೊಂಡು ಬಂದೆ. "ಕೇಳ್ರಿ" ಎಂದು ಮತ್ತೆ ಎಳೆದೆ. "ಕೊಕ್ಕಿ ಬಿಡ್ತದ ಈರಣ್ಣಾ. ನೀವು ಕೂಡಿಸಿದ ಕಡೆ ಎಲ್ಲಾ ಸರಿ ಅದ. ಬಾಗಲಾ ಹಿಡದಿರೋದು ಮುಂದ, ಕಬ್ಜಾದ ಕಡೆ. ನಿಮ್ಮ ಕೆಲಸದಿಂದ ಅಲ್ಲ."

ಅವನು ತಾನೂ ಎಳೆದು ಕೇಳಿದ. ಮಂಡಿಯೂರಿ ಕೂತು ಮುಂದಿನ ಕಂಬದ ಬುಡ ನೋಡಿದ. ಬೆರಳಿನಿಂದ ನಡುವಿನ ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ಸವರಿದ. ನಾನು ಅವನ ಮುಖ ಹಗುರಾಗುವುದನ್ನು ಕಾಯುತ್ತಿದ್ದೆ.

"ಪೆಟ್ಟು ಮುಂದ ಬಿದ್ದದ, ಖರೆ ಅದ್ರಿ" ಎಂದ. "ಆದ್ರ ಪೆಟ್ಟು ಬಿದ್ದಲ್ಲೇ ನಿಲ್ಲಂಗಿಲ್ಲ ಮೇಡಂ. ಹಿಂದಕ ಹರೀತದ. ಕಂಪನಿ ಕಂಬ ಇದ್ದಿದ್ರ ಅದೂ ಒಂದೀಟು ಬಗ್ಗಿ ತನ್ನ ಪಾಲು ತೊಗೋತಿತ್ತು. ನಾ ಬೆಂಕಿ ತೋರಿಸಿ ಎಳದೀನಿ. ಗಡಸು ಆಗ್ಯಾದೋ ಏನೋ. ಇದು ಬಗ್ಗಲಿಲ್ಲ ಅಂತ ಎಲ್ಲಾ ಪೆಟ್ಟು ಮುಂದಿಂದಕ್ಕ ಬಿತ್ತೋ ಏನೋ. ಹಂಗಲ್ಲ ಅಂತ ನೀವು ಹೇಳ್ತೀರೇನು?"

ಸರ್ವೇಯರ್ ಮೊದಲ ಸಲ ನೋಡಲು ಬಂದಾಗ ಅದನ್ನೇ ಕೇಳಿದೆ. ಅವನು ಕಾರಿನ ಫೋಟೋ ತೆಗೆಯುತ್ತಲೇ, ಅದನ್ನು ಯಾರೂ ಹೇಳಲಾರರು ಮ್ಯಾಡಮ್ ಎಂದ. ಎದೆಯೊಳಗೆ ರಕ್ತ ಸೋರಿತ್ತು, ಬಾಗಿಲು ತಟ್ಟನೆ ತೆರೆದಿದ್ದರೂ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ರೇಣುಕಾಳ ತಾಯಿಗೆ ಹೇಳಿದ್ದರು. ಅದನ್ನೂ ಈರಣ್ಣನಿಗೆ ಹೇಳಿದೆ. "ಡಾಕ್ಟರ್ ಮಂದಿ ಸಮಾಧಾನಕ್ಕ ಹೇಳ್ತಾರ್ರಿ" ಎಂದ. ತನ್ನ ಕೆಲಸ ಅಷ್ಟು ಚೆನ್ನಾಗಿ ಬಲ್ಲವನಿಗೆ ನನ್ನಂಥವಳು ಏನು ಸಮಾಧಾನ ಹೇಳಲು ಸಾಧ್ಯ?

ಮುಂದಿನ ಕಂಬ ಬದಲಿಸಬೇಕು, ನೆಲದ ತಗಡು ಬದಲಿಸಬೇಕು, ಡ್ಯಾಶ್‌ಬೋರ್ಡು, ಸ್ಟಿಯರಿಂಗು, ಎಲ್ಲ ಬದಲಿಸಬೇಕು ಎಂದೇ ನಾನು ಬರೆದೆ. ಬೇರೆ ಯಾರ ಗಾಡಿಯಾಗಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಬುಡ ಬಾಗಿದ ಆ ಕಂಬವನ್ನು ಎಳೆದು ನಿಲ್ಲಿಸಿದರೆ ಅದರಲ್ಲಿ ಕೂತವರ ಜೀವಕ್ಕೆ ಯಾರೂ ಹೊಣೆಯಾಗುವ ಹಾಗಿರಲಿಲ್ಲ. ಇದ್ದದ್ದೂ ರೇಣುಕಾ ಕೇಳಿದ್ದೂ ಒಂದೇ ಆಗಿಬಂದವು, ಅದು ನನ್ನ ಪುಣ್ಯ. ಬೇರೆ ಬೇರೆ ಆಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಕಳಿಸುವ ಮೊದಲು ಈರಣ್ಣನಿಗೆ ಹೇಳಿದೆ. ಅವನು ವಾದಿಸಲಿಲ್ಲ. "ಒಯ್ಯೂದ್ರೊಳಗ ಆ ಬಾಗಲಾ ಒಮ್ಮೆ ತೆಗೀತೀನ್ರಿ" ಎಂದ. ತೆಗೆದು ಏನು ಮಾಡುತ್ತೀರಿ ಎಂದು ಈ ಸಲ ನಾನು ಕೇಳಲಿಲ್ಲ.

ಕದಮ್ ಸಾಹೇಬರು ಪಾಲಖಿಯ ದಿನ ಮಾಡಿಕೊಳ್ಳಲಿ ಎಂದರು. ಆಷಾಢ ಏಕಾದಶಿಗೆಂದು ಪಲ್ಲಕ್ಕಿಯೊಂದಿಗೆ ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳು ಹಡಪಸರದ ಮೇಲೆ ಹಾದುಹೋಗುವ ದಿನ ರಸ್ತೆ ಬಂದ್ ಇರುತ್ತದೆ, ಗಾಡಿ ಬರುವುದಿಲ್ಲ, ಶೆಡ್ಡಿಗೆ ರಜೆ. ಬೇರೆ ವರ್ಷಗಳಲ್ಲಿ ಈರಣ್ಣ, ಮಹಾದೇವ ಇಬ್ಬರೂ ಬೆಳಿಗ್ಗೆಯಿಂದ ರಸ್ತೆಯಂಚಿನಲ್ಲಿ ನಿಂತು ನಡೆದು ಬಂದವರಿಗೆ ಚಹಾ ಕೊಡುತ್ತಿದ್ದರು. ಆ ವರ್ಷ ಈರಣ್ಣ ಶೆಡ್ಡಿನೊಳಗೆ ಒಬ್ಬನೇ ಆ ಬಾಗಿಲಿನೊಂದಿಗೆ ಇದ್ದ. ಒಬ್ಬನನ್ನೇ ಬಿಡಲು ಮನಸ್ಸಾಗದೆ ನಾನೂ ಹೋಗಿದ್ದೆ. ಹೊರಗೆ ತಾಳಗಳ ಸದ್ದು, ಮೃದಂಗ, ಸಾವಿರಾರು ಜನ ಒಂದೇ ದನಿಯಲ್ಲಿ ವಿಠ್ಠಲನನ್ನು ಕೂಗುವುದು. ಒಳಗೆ ಅವನ ಸುತ್ತಿಗೆ. ಮಡಿಕೆ ಬಿದ್ದ ತಗಡನ್ನು ಸಣ್ಣ ಉಳಿಯಿಂದ ಬಿಡಿಸಿ, ಜಾಕು ಕೊಟ್ಟು, ಮತ್ತೆ ಬಿಡಿಸಿ, ಅವನು ಬಾಗಿಲನ್ನು ಮುಂದಿನಿಂದ ಸಡಿಲಿಸುತ್ತಿದ್ದ. ಯಂತ್ರ ಹಾಕಿ ಕತ್ತರಿಸಿದ್ದರೆ ಒಂದು ಗಳಿಗೆಯ ಕೆಲಸ. ಕತ್ತರಿಸಲು ಅವನಿಗೆ ಇಷ್ಟವಿರಲಿಲ್ಲ. ಬೆವರು, ಮಳೆಯ ಸೋರು ನೀರು, ಎರಡೂ ಅವನ ಹಣೆಯಿಂದ ಇಳಿಯುತ್ತಿದ್ದವು.

ರೇಣುಕಾ ಬಂದದ್ದು ನನಗೂ ಗೊತ್ತಾಗಲಿಲ್ಲ. ರಜೆಯ ದಿನ ಶೆಡ್ಡು ಖಾಲಿ ಇರುತ್ತದೆ, ಯಾರ ಕಣ್ಣಿಗೂ ಬೀಳದೆ ಕಾರಿನೊಳಗಿನ ಸಾಮಾನು ತೆಗೆದುಕೊಂಡು ಹೋಗೋಣ ಎಂದು ಬಂದಿದ್ದಳು. ಕಾವಲುಗಾರ ಒಳಗೆ ಬಿಟ್ಟಿದ್ದ. ಭಾವ ಅಲ್ಲಿರುತ್ತಾನೆ ಎಂದು ಅವಳು ಎಣಿಸಿರಲಿಲ್ಲ. ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ, ಸ್ವಲ್ಪ ದೂರದಲ್ಲಿ ಸೆರಗು ಹಿಡಿದು ನಿಂತು ನೋಡುತ್ತಿದ್ದಳು. ಈರಣ್ಣ ಕಾಲನ್ನು ಕಂಬಕ್ಕೆ ಕೊಟ್ಟು ಎರಡೂ ಕೈಯಿಂದ ಬಾಗಿಲನ್ನು ಜಗ್ಗಿದ. ಅದು ನರಳಿದಂತೆ ಸದ್ದು ಮಾಡಿ ಬೆರಳು ತೂರುವಷ್ಟು ಸರಿಯಿತು. ಮತ್ತೆ ಜಗ್ಗಿದ. ಮತ್ತೆ. ಅವನ ಬಾಯಿಂದ ಉಸಿರಿನ ಜೊತೆ ಏನೋ ಮಾತು ಹೊರಡುತ್ತಿತ್ತು. ತಡಿ, ಬಂತು, ತಡಿ ಎನ್ನುತ್ತಿದ್ದ.

"ಸಾಕ ಬಿಡ್ರಿ ಭಾವಾ."

ಅವನು ತಿರುಗಿದ. ಮದುವೆಯಾಗಿ ಬಂದಾಗಿನಿಂದ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು ಎಂದು ಕಾಣುತ್ತದೆ.

"ತೆಗದ್ರೂ ಈಗ ಯಾರು ಇಳಿಯೂದದ?"

ಈರಣ್ಣನ ಕೈ ಬಾಗಿಲಿನ ಮೇಲೇ ಇತ್ತು. ಅದನ್ನು ಮೆಲ್ಲಗೆ ತೆಗೆದ. ನಿಂತಲ್ಲೇ ಕುಸಿದು, ಎಣ್ಣೆ ಬಿದ್ದ ನೆಲದ ಮೇಲೆ ಕೂತು, ಮುಖವನ್ನು ತೋಳಲ್ಲಿ ಮುಚ್ಚಿಕೊಂಡ. ತಮ್ಮ ಸತ್ತ ಮೇಲೆ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಹೊರಗಿನ ಭಜನೆಯಲ್ಲಿ ಆ ಅಳು ಶೆಡ್ಡಿನಾಚೆ ಯಾರಿಗೂ ಕೇಳಿಸಿರಲಾರದು. ರೇಣುಕಾ ಅವನ ಹತ್ತಿರ ಹೋಗಲಿಲ್ಲ, ನಾನೂ ಹೋಗಲಿಲ್ಲ. ಅವಳು ಸುತ್ತಿಕೊಂಡು ಆ ಕಡೆಯ ಬಾಗಿಲಿಗೆ ಹೋಗಿ, ಒಳಗೆ ಬಗ್ಗಿ, ಒಂದು ಟವೆಲು, ನೀರಿನ ಬಾಟಲಿ, ಹಿಂದಿನ ಸೀಟಿನ ಕೆಳಗೆ ಬಿದ್ದಿದ್ದ ಮಗಳ ಗುಲಾಬಿ ರೇನ್‌ಕೋಟು ತೆಗೆದುಕೊಂಡಳು. ರೇನ್‌ಕೋಟನ್ನು ಝಾಡಿಸಿದಾಗ ಗಾಜಿನ ಚೂರುಗಳು ಉದುರಿದವು. ಒಂದೊಂದಾಗಿ ಉಳಿದ ಚೂರುಗಳನ್ನೂ ಆರಿಸಿ ತೆಗೆದಳು.

"ಏಳ್ರಿ ಭಾವಾ, ಮನಿಗೆ ಹೋಗೂಣು. ಹುಡುಗಿ ದಾರಿ ನೋಡ್ತಿರ್ತದ."

ಅವನು ಎದ್ದ. ಗೇಟಿನವರೆಗೆ ನಾನು ಜೊತೆಗೆ ಹೋದೆ. ರಸ್ತೆಯ ತುಂಬ ಬಿಳಿ ಟೋಪಿಗಳು, ತಲೆಯ ಮೇಲೆ ತುಳಸಿಯ ಕುಂಡ ಹೊತ್ತ ಹೆಂಗಸರು. ಆ ಪ್ರವಾಹವನ್ನು ಅಡ್ಡ ದಾಟಿ ಅವರು ತಮ್ಮ ಓಣಿಗೆ ಹೋಗಬೇಕಿತ್ತು. ಅವಳು ಮುಂದೆ, 'ಮಾವುಲಿ ಮಾವುಲಿ', ತಾಯಿ ತಾಯಿ ಎನ್ನುತ್ತ ಸಾಗುವ ನಾಲ್ಕು ಜನರನ್ನು ನಡುವೆ ಬಿಟ್ಟು ಅವನು ಹಿಂದೆ. ಒಬ್ಬ ಮುದುಕ ವಾರಕರಿ ಈರಣ್ಣನನ್ನು ತಡೆದು ಕಾಲು ಮುಟ್ಟಿ ನಮಸ್ಕರಿಸಿದ, ಅವರು ಎದುರಾದ ಎಲ್ಲರಿಗೂ ಮಾಡುವ ಹಾಗೆ. ಈರಣ್ಣ ಏನು ಮಾಡಬೇಕೆಂದು ತಿಳಿಯದೆ ಆ ಮುದುಕನ ಭುಜ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಇಬ್ಬರೂ ಜನರಲ್ಲಿ ಕಾಣದಾದರು.

ಕಾರನ್ನು ಗುಜರಿಯವರು ಒಯ್ದದ್ದು ಮಳೆಯ ಜೋರು ಇಳಿದ ಮೇಲೆ. ಬಾಗಿಲು ಬೆರಳು ತೂರುವಷ್ಟು ಸರಿದದ್ದು ಹಾಗೆಯೇ ಇತ್ತು. ಆ ದಿನ ಈರಣ್ಣನನ್ನು ಕದಮ್ ಸಾಹೇಬರು ಬೇಕೆಂದೇ ಭೋಸರಿಗೆ ಸಾಮಾನು ತರಲು ಕಳಿಸಿದ್ದರು. ಅವನು ಹಿಂತಿರುಗಿ ಬಂದು ಖಾಲಿ ಗೋಡೆ ನೋಡಿ, ತಂದ ಸಾಮಾನು ಇಳಿಸಿದ.

ಆದರೆ ಆಮೇಲೆ ಅವನಿಂದ ಕೆಲಸ ಆಗಲಿಲ್ಲ. ಬಂಪರು, ಬಾನೆಟ್ಟು ಎಂದರೆ ಮಾಡುತ್ತಿದ್ದ. ಕಂಬ ಎಳೆಯುವ ಗಾಡಿ ಬಂದರೆ ಕೈ ಕಟ್ಟಿ ನಿಲ್ಲುತ್ತಿದ್ದ. ಎಲ್ಲದಕ್ಕೂ ಹೊಸದು ಹಾಕಿ ಎನ್ನುತ್ತಿದ್ದ. ಇನ್ನೊಬ್ಬರು ಸರಿಮಾಡಿದ ಗಾಡಿಯ ಬಾಗಿಲನ್ನೂ ಹೋಗಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ ನೋಡುತ್ತಿದ್ದ. ಜೊತೆಯವರು ಮೊದಮೊದಲು ಮರುಗಿದರು, ಆಮೇಲೆ ಬೇಸರಪಟ್ಟರು. ರೇಣುಕಾಳ ತಾಯಿ ಮಗಳ ಹತ್ತಿರವೇ ಉಳಿಯುವುದೆಂದಾದ ಮೇಲೆ ಅವನು ಆ ಮನೆ ಬಿಟ್ಟು ಫುರಸುಂಗಿಯ ಕಡೆ ಒಂದು ಕೋಣೆ ಹಿಡಿದ. ರೇಣುಕಾ ಹಿಂಜವಾಡಿಯ ಒಂದು ಕಚೇರಿಯ ಕ್ಯಾಂಟೀನಿನಲ್ಲಿ ಕೆಲಸಕ್ಕೆ ಸೇರಿದಳು. ಕಂಪನಿಯ ಬಸ್ಸು ಅದೇ ಬೈಪಾಸಿನ ಮೇಲೆ ಹೋಗುತ್ತದೆ. ಆ ಇಳಿಜಾರು ಬಂದಾಗ ಮೊದಮೊದಲು ಕಣ್ಣು ಮುಚ್ಚುತ್ತಿದ್ದೆ, ಈಗ ಮುಚ್ಚುವುದಿಲ್ಲ ಎಂದು ಆಮೇಲೊಮ್ಮೆ ಫೋನಿನಲ್ಲಿ ಹೇಳಿದಳು.

ದೀಪಾವಳಿಯ ಮುಂಚೆ ಈರಣ್ಣ ಕೆಲಸ ಬಿಟ್ಟ. ಫುರಸುಂಗಿಯಲ್ಲಿ ಕಿಟಕಿಯ ಗ್ರಿಲ್ ಮಾಡುವವರ ಬಳಿ ಸೇರಿಕೊಳ್ಳುತ್ತೇನೆ ಎಂದ. ತನ್ನ ಹತ್ಯಾರಗಳನ್ನು ಒಯ್ಯಲು ಬಂದ ದಿನ ಮಳೆ ನಿಂತು ಬಿಸಿಲು ಬಂದಿತ್ತು. ಸುತ್ತಿಗೆ, ಉಳಿ, ಸಣ್ಣ ದೊಡ್ಡ ಅಚ್ಚುಗಳನ್ನೆಲ್ಲ ಗೋಣಿ ಚೀಲಕ್ಕೆ ತುಂಬಿ ನನ್ನ ಕೌಂಟರಿಗೆ ಬಂದ. ಎದುರಿನ ಗಿರಾಕಿಯನ್ನು ಕಾಯಲು ಹೇಳಿ ನಾನು ಅವನ ಜೊತೆ ಹೊರಗೆ ಬಂದೆ. ಇಷ್ಟು ದಿನ ನನ್ನೊಳಗಿದ್ದದ್ದನ್ನೇ ಕೇಳಿಬಿಟ್ಟೆ.

"ಈರಣ್ಣಾ, ಆ ದಿನ ನಾ ಹೇಳಿದ್ದು ನಂಬೀರಿಲ್ಲೋ? ಕೊಕ್ಕಿ ಬಿಡ್ತದ ಅಂತ, ನಿಮ್ಮ ಕೆಲಸ ಸರಿ ಇತ್ತು ಅಂತ?"

ಅವನು ಚೀಲದ ಬಾಯಿಗೆ ಹಗ್ಗ ಬಿಗಿಯುತ್ತಿದ್ದ. ಬಿಗಿದು ಮುಗಿಸಿ ತಲೆ ಎತ್ತಿದ.

"ನಂಬ್ತೀನ್ರಿ ಮೇಡಂ. ದಿನಾ ಮುಂಜಾನೆ ಎದ್ದು ನಂಬ್ತೀನಿ" ಎಂದ. "ಸಂಜೀ ತನಕಾ ಹಿಡಿಯಂಗಿಲ್ರಿ."

ರಿಕ್ಷಾ ರಸ್ತೆಯ ಆಚೆ ನಿಂತಿತ್ತು. ಅವನು ಬೇಡ ಬೇಡ ಎಂದರೂ ನಾನು ಚೀಲದ ಒಂದು ತುದಿ ಹಿಡಿದೆ. ತುಂಬ ಭಾರವಿತ್ತು. ನಡುನಡುವೆ ಇಳಿಸಿ, ಕೈ ಬದಲಿಸಿ, ಇಬ್ಬರೂ ಅದನ್ನು ಎತ್ತಿಕೊಂಡು ರಸ್ತೆ ದಾಟಿದೆವು.